ಹೊಕ್ಕುಳಿರುವ ಮೀನು

ನಮ್ಮ ಮನೆಯ ಅಟ್ಟದ ಮೇಲೆ ಈಗಲೂ ಒಂದು ಕೂಣಿ ಇದೆ. ಅಪ್ಪ ಹೆಣೆದದ್ದು. ಬಿದಿರ ಸೀಳುಗಳನ್ನು ಒತ್ತೊತ್ತಾಗಿ ಬಿಗಿದ ಈ ಬುಟ್ಟಿಗೆ ತಳವಿಲ್ಲ. ಕೆಳಗೆ ಅಗಲ, ಮೇಲೆ ಕೈ ತೂರುವಷ್ಟು ಬಾಯಿ. ಒಲೆಯ ಹೊಗೆ ಕುಡಿದು ಕಪ್ಪಾಗಿದೆ. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಅದನ್ನು ಯಾರೂ ಒಲೆಗೆ ಹಾಕಲಿಲ್ಲ. ಸೊರಬ, ಶಿಕಾರಿಪುರ, ಸಾಗರದ ಕಡೆಯವರಿಗೆ ಕೂಣಿ ಕಂಡರೆ ಸಾಕು, ಕೆರೆಬೇಟೆ ಕಣ್ಣಮುಂದೆ ಬರುತ್ತದೆ.

ನನ್ನ ನೆನಪಿನ ಮೊದಲ ಕೆರೆಬೇಟೆ 1987ರದು. ನನಗೆ ಒಂಬತ್ತು ವರ್ಷ. ಬೇಸಿಗೆ ಮುಗಿಯುವ ಹೊತ್ತು, ಕೆರೆಯಲ್ಲಿ ಸೊಂಟದ ಮಟ್ಟಕ್ಕೆ ನೀರು. ಸುತ್ತಲಿನ ಹತ್ತಾರು ಹಳ್ಳಿಗಳಿಂದ ಬಂದ ಗಂಡಸರು ಕೂಣಿ ಹೊತ್ತು ದಡದುದ್ದಕ್ಕೂ ಸಾಲುಗಟ್ಟಿ ನಿಂತಿದ್ದರು. ಊರವರು ಸನ್ನೆ ಕೊಟ್ಟದ್ದೇ ತಡ, ಎಲ್ಲರೂ ಒಟ್ಟಿಗೆ ನೀರಿಗೆ ನುಗ್ಗಿದರು. ಕೂಣಿಯನ್ನು ಕೆಸರಿಗೆ ಒತ್ತುವುದು, ಮೇಲಿನ ಬಾಯಿಯಿಂದ ಕೈ ಇಳಿಸಿ ತಡಕುವುದು, ಸಿಕ್ಕರೆ ಎಳೆದು ಬುಟ್ಟಿಗೆ ಹಾಕುವುದು, ಸಿಗದಿದ್ದರೆ ಒಂದು ಹೆಜ್ಜೆ ಮುಂದೆ ಮತ್ತೆ ಒತ್ತುವುದು. ಅರ್ಧ ಗಂಟೆಯೊಳಗೆ ಕೆರೆಯ ನೀರು ಕೆಮ್ಮಣ್ಣಿನ ಅಂಬಲಿಯಾಗಿತ್ತು. ನಾವು ಹೆಣ್ಣುಮಕ್ಕಳು ಏರಿಯ ಮೇಲೆ ನಿಂತು ನೋಡುತ್ತಿದ್ದೆವು. ನೀರಿಗಿಳಿಯುವ ಮಾತು ನಮಗಿರಲಿಲ್ಲ.

ಅಂದು ನನ್ನ ಅಣ್ಣ ಕೂಣಿಯೊಳಗೆ ಕೈ ಇಳಿಸಿದವನು ಕಿರುಚಿಕೊಂಡು ಮೇಲೆದ್ದ. ಚೇಳು ಮೀನು ಕುಟ್ಟಿತ್ತು. ಮೊಣಕೈವರೆಗೆ ಬಾತ ಕೈಯನ್ನು ಹಿಡಿದು ಅವನು ರಾತ್ರಿಯಿಡೀ ನರಳಿದ. ಆ ನರಳಾಟ ಕೇಳುತ್ತ ಮಲಗಿದ್ದ ನನ್ನೊಳಗೆ ಒಂದು ಭಯ ಊರಿತು. ಅದು ಮೀನಿನ ಭಯವಲ್ಲ, ಕಾಣದ ನೀರಿನ ಭಯ. ಕೆಸರು ನೀರಿನ ಕೆಳಗೆ ಏನೋ ಇದೆ, ಅದು ನಮ್ಮ ಕೈಗಾಗಿ ಕಾದಿದೆ ಎಂಬ ಭಯ. ಮುಂದೆ ಬಾಳೆದಿಂಡು ಕಟ್ಟಿಕೊಂಡು ಕದ್ದುಮುಚ್ಚಿ ಈಜು ಕಲಿತಾಗಲೂ ಕಾಲನ್ನು ಕೆಳಗೆ ಬಿಡಲು ನನಗೆ ಧೈರ್ಯವಿರಲಿಲ್ಲ.

ಕೆರೆಯ ಇನ್ನೊಂದು ಮುಖವನ್ನು ತೋರಿಸಿದ್ದೂ ಅಪ್ಪನೇ. ಒಂದು ಮಳೆಗಾಲ ಗದ್ದೆಯಂಚಿನ ಹೊಂಡದ ಬಳಿ ನನ್ನನ್ನು ಕೂರಿಸಿ, "ಅಲ್ಲಿ ನೋಡು" ಎಂದ. ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಸಾವಿರಾರು ಕೆಂಪು ಮರಿಗಳ ಗುಂಪು, ಅದರಡಿಯಲ್ಲಿ ಕಪ್ಪನೆಯ ಕೊರವ ಮೀನು. ಗುಂಪು ಸರಿದತ್ತ ಆ ಮೀನೂ ಸರಿಯುತ್ತಿತ್ತು. ಮರಿ ಕಾಯುವ ಕೊರವನಿಗೆ ಅಪ್ಪ ಎಂದೂ ಗಾಳ ಹಾಕಿದವನಲ್ಲ. "ಇವತ್ತು ಇದನ್ನ ಬಿಟ್ರೆ ಬೇಸಿಗೆಗೆ ಕೆರೆ ತುಂಬ ಮೀನು" ಎನ್ನುತ್ತಿದ್ದ. ಆ ಲೆಕ್ಕ ಎಷ್ಟು ದೊಡ್ಡದೆಂದು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು.

ನಮ್ಮದು ಉಡುತಡಿಯ ಪಕ್ಕದ ಹಳ್ಳಿ. ಶಿರಾಳಕೊಪ್ಪದ ಸಂತೆಗೆ ಹೋಗುವಾಗಲೂ ಬಳ್ಳಿಗಾವಿಯ ಜಾತ್ರೆಗೆ ಹೋಗುವಾಗಲೂ ಅಜ್ಜಿ ಅಕ್ಕಮಹಾದೇವಿಯ ಕಥೆ ತೆಗೆಯುತ್ತಿದ್ದಳು. ಹನ್ನೆರಡನೆಯ ಶತಮಾನದಲ್ಲಿ ಈ ಮಣ್ಣಿನ ಒಬ್ಬ ಹೆಣ್ಣುಮಗಳು ಅರಮನೆಯನ್ನು ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದುಹೋದಳು. ಈಗ ಉಡುತಡಿಯಲ್ಲಿ ಅಕ್ಕನ ದೊಡ್ಡ ಪ್ರತಿಮೆ ಎದ್ದು ನಿಂತಿದೆ. ಆಗ ಇದ್ದದ್ದು ಅಜ್ಜಿಯ ಮಾತು ಮಾತ್ರ. "ಹೆದರಿಕೆ ಇರಲಿಲ್ವಾ ಅವಳಿಗೆ?" ಎಂದು ನಾನು ಕೇಳುತ್ತಿದ್ದೆ. "ಇದ್ದಿರ್ಬೋದು, ಆದ್ರೂ ಹೊರಟ್ಳು" ಎಂಬುದು ಅಜ್ಜಿಯ ಉತ್ತರ.

*

ಸಮುದ್ರದೊಳಕ್ಕೆ ನಾನು ಮೊದಲು ಇಳಿದದ್ದು 2014ರ ಡಿಸೆಂಬರಿನಲ್ಲಿ, ನೇತ್ರಾಣಿಯಲ್ಲಿ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದ ನನಗೆ ಆಗ ಮೂವತ್ತಾರು ವರ್ಷ. ಸಹೋದ್ಯೋಗಿಗಳ ಪ್ರವಾಸವೊಂದು ಸೊರಬ, ಸಾಗರ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರದ ಮೇಲೆ ಮುರುಡೇಶ್ವರಕ್ಕೆ ಹೋಯಿತು. ಮಿಕ್ಕವರು 123 ಅಡಿಯ ಶಿವನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾನು ಡೈವಿಂಗ್ ಅಂಗಡಿಯೊಂದರ ಗೋಡೆಯ ಮೇಲಿದ್ದ ಮೀನುಗಳ ಚಿತ್ರ ನೋಡುತ್ತ ನಿಂತುಬಿಟ್ಟೆ. ಮಕ್ಕಳಿಗೆ ಪುಸ್ತಕದ ಚಿತ್ರ ತೋರಿಸಿ ಪಾಠ ಮಾಡಿದ ಪ್ರಾಣಿಗಳು ಹತ್ತೊಂಬತ್ತು ಕಿಲೋಮೀಟರ್ ದೂರದಲ್ಲಿವೆ, ನಾನು ಅವುಗಳ ಮುಖ ನೋಡಿಲ್ಲ. ಅಷ್ಟು ಯೋಚಿಸಿ ಮರುದಿನ ಬೆಳಿಗ್ಗೆಗೆ ಹೆಸರು ಬರೆಸಿದೆ.

ನೇತ್ರಾಣಿ ಮೇಲಿನಿಂದ ನೋಡಿದರೆ ಹೃದಯದ ಆಕಾರದ ದ್ವೀಪ. ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಜನವಸತಿ ಇಲ್ಲ. ಕಡಿದಾದ ಬಂಡೆ, ಅದರ ಮೇಲೆ ಕಾಡು, ಆ ಕಾಡಿನಲ್ಲಿ ಕಡಲ ಹದ್ದುಗಳ ಗೂಡು. ಬಹುಕಾಲ ನೌಕಾಪಡೆ ಇದನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಹವಳ, ಹಕ್ಕಿಗಳಿಗೆ ಹಾನಿ ಎಂದು ಪರಿಸರದವರು ದನಿ ಎತ್ತಿದ್ದರು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. ಮಳೆ ಬಿಟ್ಟು ಕಡಲು ತಿಳಿಯಾದ ಮೇಲೆ ಡೈವಿಂಗ್ ಶುರು.

ದೋಣಿಯಲ್ಲಿ ಒಂದೂವರೆ ಗಂಟೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಬಾಯಿಗೆ ರೆಗ್ಯುಲೇಟರ್. ತರಬೇತುದಾರ ಹೇಳಿದ ಮೊದಲ ನಿಯಮ: ಏನೇ ಆದರೂ ಉಸಿರು ಕಟ್ಟಬೇಡಿ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಗಾಳಿಯನ್ನು ಹಿಡಿದಿಟ್ಟುಕೊಂಡು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಕೆರೆಯಲ್ಲಿ ಮುಳುಗುವಾಗ ನಾನು ಕಲಿತದ್ದೇ ಉಸಿರು ಕಟ್ಟುವುದನ್ನು. ಇಲ್ಲಿ ಅದನ್ನು ಬಿಡಬೇಕಾಗಿತ್ತು.

ಎರಡು ಮೀಟರ್ ಇಳಿಯುವಷ್ಟರಲ್ಲಿ ಮುಖವಾಡದೊಳಗೆ ನೀರು ನುಗ್ಗಿತು. ಕಣ್ಣು ಉರಿಯಿತು, ಮೂಗಿಗೆ ಉಪ್ಪು ಹತ್ತಿತು, ಒಂಬತ್ತು ವರ್ಷದ ಹುಡುಗಿ ನನ್ನೊಳಗೆ ಎದ್ದು ಕುಳಿತಳು. ಕೈಕಾಲು ಬಡಿದು ಮೇಲೆ ಬಂದೆ. ತರಬೇತುದಾರ ಬೈಯಲಿಲ್ಲ, ಅವಸರ ಮಾಡಲಿಲ್ಲ. "ಮೂಗಿನಿಂದ ಜೋರಾಗಿ ಊದಿ, ನೀರು ತಾನಾಗಿ ಹೋಗ್ತದೆ" ಎಂದು ಮೂರು ಸಲ ಮಾಡಿಸಿದ. ನಾಲ್ಕನೆಯ ಸಲ ಇಳಿದಾಗ ಕಿವಿ ತೆರೆಯಿತು, ಉಸಿರು ಹದಕ್ಕೆ ಬಂತು. ಕಣ್ಣು ಬಿಟ್ಟರೆ ತಳ ಕಾಣಿಸುತ್ತಿತ್ತು.

ತಳ ಕಾಣಿಸುತ್ತಿತ್ತು ಎಂಬ ಎರಡು ಪದದಲ್ಲಿ ನನ್ನ ಬದುಕಿನ ದೊಡ್ಡ ತಿರುವು ಇದೆ. ಬಂಡೆಯ ಸಂದಿಯಿಂದ ಬಾಯಿ ತೆರೆದು ಮುಚ್ಚುವ ಮೊರೇ ಹಾವುಮೀನು, ಹವಳವನ್ನು ಕಟಕಟ ಕಡಿಯುವ ಗಿಳಿಮೀನು, ಮರಳಿನಲ್ಲಿ ಅರ್ಧ ಹೂತು ಮಲಗಿದ ತೊರಕೆ. ಎಲ್ಲವೂ ತಮ್ಮ ತಮ್ಮ ಕೆಲಸದಲ್ಲಿದ್ದವು. ನನ್ನ ಕೈಗಾಗಿ ಯಾವುದೂ ಕಾದಿರಲಿಲ್ಲ. ಹೊರಡುವ ಮುಂಚೆ ಶಿಕಾರಿಪುರದ ಹುಚ್ಚರಾಯಸ್ವಾಮಿ ಗುಡಿಯಲ್ಲಿ ಅಮ್ಮ ಮಣಿಕಟ್ಟಿಗೆ ಕಟ್ಟಿಸಿದ್ದ ಕೆಂಪು ದಾರವನ್ನು ನೋಡಿಕೊಂಡೆ. ಅದು ಮಸುಕು ಕಂದಾಗಿತ್ತು. ನೀರು ಮೊದಲು ನುಂಗುವ ಬಣ್ಣ ಕೆಂಪು ಎಂದು ಎಷ್ಟೋ ವರ್ಷ ಪಾಠ ಮಾಡಿದ್ದೆ. ಅಂದು ನನ್ನ ಕೈಯ ಮೇಲೆಯೇ ಕಂಡೆ.

ಆ ದಿನ ಶಾರ್ಕ್ ಸಿಗಲಿಲ್ಲ. ಹಿಂತಿರುಗುವಾಗ ದೋಣಿಯವರು ತಾಟೆ, ಮೋರಿ ಎಂದೆಲ್ಲ ಹೆಸರಿಟ್ಟು ಮಾತಾಡಿದರು. ಕರಾವಳಿಯಲ್ಲಿ ಶಾರ್ಕಿಗೆ ಕನ್ನಡದವರ ಬಾಯಲ್ಲೊಂದು ಹೆಸರು, ಕೊಂಕಣಿಯವರ ಬಾಯಲ್ಲೊಂದು. ಕಪ್ಪು ತುದಿಯ ತಾಟೆ ಬಂಡೆಯ ಆಚೆ ಬದಿಗೆ ಬರುತ್ತದೆ, ಅದೃಷ್ಟವಿದ್ದರೆ ತಿಮಿಂಗಿಲ ಶಾರ್ಕೂ ಕಾಣುತ್ತದೆ ಎಂದರು. "ಕಚ್ಚೋದಿಲ್ವಾ?" ಎಂದೆ. ಚುಕ್ಕಾಣಿ ಹಿಡಿದಿದ್ದ ಹಿರಿಯರು ನಕ್ಕು, "ನಿಮ್ಮನ್ನ ಕಂಡ್ರೆ ಅದೇ ಓಡ್ತದೆ" ಎಂದರು.

*

2016ರ ಜನವರಿಯಲ್ಲಿ ಎರಡು ವರ್ಷದ ಒಪ್ಪಂದದ ಮೇಲೆ ಮಾಲ್ಡೀವ್ಸಿನ ಶಾಲೆಯೊಂದಕ್ಕೆ ಹೋದೆ. ಅಲ್ಲಿಯ ಶಾಲೆಗಳಲ್ಲಿ ಭಾರತದ ಶಿಕ್ಷಕರು ಬಹಳ. ನನಗೆ ಸಿಕ್ಕಿದ್ದು ಬಾ ಅಟಾಲ್ ಎಂಬ ಹವಳದ್ವೀಪಗಳ ವರ್ತುಲದ ಒಂದು ಸಣ್ಣ ದ್ವೀಪ. ಈ ತುದಿಯಿಂದ ಆ ತುದಿಗೆ ಕಾಲು ಗಂಟೆ ನಡಿಗೆ. ಅಮ್ಮ ಫೋನಿನಲ್ಲಿ ದಿನಾ ಕೇಳುತ್ತಿದ್ದುದು ಒಂದೇ, "ಸುತ್ತಲೂ ನೀರೇನೇ?"

ಮೊದಲ ತಿಂಗಳುಗಳ ಒಂಟಿತನ ಒಂದು ಮಧ್ಯಾಹ್ನ ಕರಗಿತು. ಪಕ್ಕದ ಮನೆಯ ಮುದುಕರು ಜಗುಲಿಯಲ್ಲಿ ಬಲೆ ಸರಿಮಾಡುತ್ತ ಮಳೆಗಾಲದ ಲೆಕ್ಕ ಹೇಳುತ್ತಿದ್ದರು. ಅವರ ಕಿರಿ ಮೊಮ್ಮಗಳು, ನನ್ನ ವಿದ್ಯಾರ್ಥಿನಿ, ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ವರ್ಷವನ್ನು ಅವರು 27 ನಕೈಗಳಾಗಿ ಒಡೆಯುತ್ತಾರೆ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮುದುಕರು ಬೆರಳು ಮಡಿಸುತ್ತ ಹೆಸರು ಹೇಳಿದರು: ಅದ, ಫುನೋಸ್, ಫುಸ್. ನಾನು ಕೂತಲ್ಲಿಂದ ಎದ್ದುಬಿಟ್ಟೆ. ಆರಿದ್ರೆ, ಪುನರ್ವಸು, ಪುಷ್ಯ! ನಕೈ ಎಂದರೆ ನಕ್ಷತ್ರ. ನಮ್ಮೂರಿನಲ್ಲಿ ಅಪ್ಪ ಭತ್ತದ ನಾಟಿಗೆ ಎಣಿಸುತ್ತಿದ್ದ ಮಳೆಗಳನ್ನೇ ಈ ಮುದುಕರು ಮೀನಿಗಾಗಿ ಎಣಿಸುತ್ತಿದ್ದರು. ನಾನೂ ಬೆರಳು ಮಡಿಸಿ ನಮ್ಮ ಹೆಸರುಗಳನ್ನು ಹೇಳಿದೆ. ಅವರು ಬಲೆ ಕೆಳಗಿಟ್ಟು ಕೇಳಿದರು. ಆ ಸಂಜೆಯಿಂದ ಆ ಮನೆ ನನ್ನ ಮನೆಯಾಯಿತು.

ಅವರ ಬಾಯಲ್ಲಿ ಶಾರ್ಕ್ ಮಿಯಾರು, ಮಂಟಾ ಎಂಬ ದೊಡ್ಡ ತೊರಕೆ ಎನ್ ಮಡಿ, ತಿಮಿಂಗಿಲ ಶಾರ್ಕ್ ಫೆಹುರಿಹಿ. ಹಿಂದೆ ಅಲ್ಲಿಯೂ ಮಿಯಾರು ಹಿಡಿಯುತ್ತಿದ್ದರು. ಅದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. 2010ರಲ್ಲಿ ದೇಶವೇ ಶಾರ್ಕ್ ಬೇಟೆಯನ್ನು ನಿಲ್ಲಿಸಿತು. "ಬಿಟ್ಟ ಮೇಲೆ ಮತ್ತೆ ದಡದ ಹತ್ತಿರ ಬರ್ತಾವೆ" ಎಂದು ಮುದುಕರು ತೃಪ್ತಿಯಿಂದ ಹೇಳಿದ್ದರು.

ಮಾಲ್ಡೀವ್ಸಿಗೆ ಹೋದ ವರ್ಷವೇ ಹದಿನೆಂಟು ಮೀಟರಿನವರೆಗೆ ಇಳಿಯುವ ಓಪನ್ ವಾಟರ್ ತರಬೇತಿ ಮುಗಿಸಿದೆ. ನಾಲ್ಕನೆಯ ಡೈವಿನಲ್ಲಿ ಮೊದಲ ಶಾರ್ಕ್ ಕಂಡಿತು. ಜೊತೆಗಾರ ಅಂಗೈಯನ್ನು ಹಣೆಯ ಮೇಲೆ ರೆಕ್ಕೆಯಂತೆ ನಿಲ್ಲಿಸಿ ಸನ್ನೆ ಮಾಡಿದ. ಚಾಚುಬಂಡೆಯ ಕೆಳಗೆ ಬಿಳಿ ತುದಿಯ ಶಾರ್ಕೊಂದು ಮರಳಿನ ಮೇಲೆ ಮಲಗಿತ್ತು. ಶಾರ್ಕ್ ಈಜುವುದನ್ನು ನಿಲ್ಲಿಸಿದರೆ ಸಾಯುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳಿದ್ದುಂಟು. ಈ ಜಾತಿಯದು ಹಗಲೆಲ್ಲ ಹೀಗೆ ಮಲಗಿ ಬಾಯಿಂದ ನೀರೆಳೆದು ಕಿವಿರಿಗೆ ಹಾಯಿಸಿಕೊಳ್ಳುತ್ತದೆ. ಐದು ಸೀಳುಗಳು ಒಂದರ ಹಿಂದೊಂದು ತೆರೆದು ಮುಚ್ಚುವುದನ್ನು ಎಣಿಸುತ್ತ ನಿಂತೆ. ಮೂತಿಯ ಮೇಲೆ ಸೂಜಿಮೊನೆಯಷ್ಟು ರಂಧ್ರಗಳು. ಅವುಗಳಿಂದಲೇ ಶಾರ್ಕ್ ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಗ್ರಹಿಸುತ್ತದೆ. ನನ್ನ ಎದೆಬಡಿತ ಅದಕ್ಕೆ ತಿಳಿದಿರಬಹುದು. ಅದು ಕಣ್ಣನ್ನೂ ಹೊರಳಿಸಲಿಲ್ಲ. ನನ್ನ ಎದೆಬಡಿತವೇ ನಿಧಾನವಾಗಿ ತಗ್ಗಿತು.

*

ಮಂಟಾ ಕಂಡದ್ದು ಫುಸ್ ನಕೈಯಲ್ಲಿ. ಊರಿನಲ್ಲಿ ಪುಷ್ಯ ಮಳೆ ಹಿಡಿಯುವ ಹೊತ್ತು. ಅಮ್ಮ ಫೋನಿನಲ್ಲಿ "ಐದು ದಿನದಿಂದ ಬಿಸಿಲೇ ಇಲ್ಲ, ದಂಡಾವತಿ ಹೊಳೆ ಉಕ್ಕಿದೆ, ಅಂಜನಾಪುರ ಡ್ಯಾಮು ತುಂಬ್ತಾ ಇದೆ" ಎಂದಿದ್ದಳು.

ಹನಿಫಾರು ಎಂಬ ಸಣ್ಣ ಕೊಲ್ಲಿ ಬಾ ಅಟಾಲಿನ ಪೂರ್ವದಂಚಿನಲ್ಲಿದೆ. ನೈಋತ್ಯದ ಮುಂಗಾರು ಬೀಸುವಾಗ ಕಡಲಿನ ಹರಿವು ಪೂರ್ವಕ್ಕೆ ತಿರುಗುತ್ತದೆ. ಆಗ ಅಟಾಲಿನ ಪೂರ್ವದ ಬದಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಆ ನೀರಿನ ಸತ್ವದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪ್ಲಾಂಕ್ಟನ್, ಕೋಟಿಗಟ್ಟಲೆ ಹುಟ್ಟುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತ ಅವನ್ನು ತಂದು ಆಲಿಕೆಯಂಥ ಈ ಕೊಲ್ಲಿಗೆ ಸುರಿಯುತ್ತದೆ. ಅದನ್ನು ಉಣ್ಣಲು ಮಂಟಾಗಳು ಬರುತ್ತವೆ. ಮೋಡವನ್ನು ಘಟ್ಟಕ್ಕೆ ತಳ್ಳಿ ನಮ್ಮ ಕೆರೆ ತುಂಬಿಸುವ ಗಾಳಿಯೇ ಇಲ್ಲಿ ಇವುಗಳ ಊಟದ ಎಲೆ ಹಾಕುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ನಾನು ಸುಮ್ಮನಿರಲಾರದೆ ದ್ವೀಪದ ದಡದುದ್ದಕ್ಕೂ ನಡೆದಾಡಿದ್ದೆ.

ಹನಿಫಾರುವನ್ನು 2009ರಲ್ಲಿ ರಕ್ಷಿತ ಪ್ರದೇಶ ಮಾಡಿದರು. 2011ರಲ್ಲಿ ಬಾ ಅಟಾಲ್ ಯುನೆಸ್ಕೊದ ಜೀವಗೋಲ ಮೀಸಲು ಪ್ರದೇಶವಾಯಿತು. ಅಲ್ಲಿ ಸಿಲಿಂಡರ್ ಕಟ್ಟಿ ಇಳಿಯುವಂತಿಲ್ಲ. ಗುಳ್ಳೆಗಳ ಸದ್ದಿಗೆ ಮಂಟಾಗಳ ಊಟ ಕೆಡಬಾರದು. ಉಸಿರುಕೊಳವೆ ಇಟ್ಟುಕೊಂಡು ಮೇಲೆ ತೇಲಬಹುದು, ಅಷ್ಟೆ. ಮುಟ್ಟುವಂತಿಲ್ಲ, ಬೆನ್ನಟ್ಟುವಂತಿಲ್ಲ. ಕಾವಲುಗಾರರ ದೋಣಿ ನಿಂತಿರುತ್ತದೆ.

ಮುಖ ನೀರಿಗಿಟ್ಟಾಗ ಮೊದಲು ಕಂಡದ್ದು ಮಂಜು ಮುಸುಕಿದಂಥ ಹಸಿರು ನೀರು. ಮತ್ತೆ ಕಾಣದ ನೀರು! ಕೆರೆಯ ಏರಿ ಒಮ್ಮೆ ಮನಸ್ಸಿಗೆ ಬಂತು. ಆ ಮಂಜಿನೊಳಗಿಂದ ಒಂದು ದೊಡ್ಡ ಬಾಯಿ ನನ್ನ ಕಡೆಗೇ ಬಂತು. ಬಾಯಿಯ ಎರಡೂ ಬದಿಗೆ ಕೊಂಬಿನಂಥ ಎರಡು ಈಜುರೆಕ್ಕೆಗಳು ಬಿಚ್ಚಿಕೊಂಡು ನೀರನ್ನು ಒಳಕ್ಕೆ ತೂರುತ್ತಿದ್ದವು. ಒಳಗೆ ಬೆಳ್ಳಗಿನ ಗುಹೆ, ಅದರ ಗೋಡೆಯಲ್ಲಿ ಕಿವಿರಿನ ಸೀಳುಗಳಿಂದ ಬೆಳಕು. ನಾನು ಅಲುಗಲಿಲ್ಲ. ಒಂದು ಮಾರು ದೂರದಲ್ಲಿ ಅದು ರೆಕ್ಕೆ ವಾಲಿಸಿ ನನ್ನ ಕೆಳಗೆ ಜಾರಿತು. ರೆಕ್ಕೆಯ ತುದಿಯಿಂದ ತುದಿಗೆ ಮೂರು ಮೀಟರಿಗೂ ಮಿಕ್ಕಿ ಇತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಂದರ ಬಾಲಕ್ಕೆ ಒಂದು ಮೂತಿಯಿಟ್ಟು ಸಾಲಾಗಿ ಸುತ್ತತೊಡಗಿದವು. ಹದಿನೇಳರವರೆಗೆ ಎಣಿಸಿ ಬಿಟ್ಟೆ.

ಮಂಟಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕಂಬಳಿ. ಆ ಹೆಸರಿಟ್ಟವರು ಸರಿಯಾಗಿಯೇ ಕಂಡಿದ್ದರು. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋಗುವ ನಮ್ಮೂರ ಜನರೇ ನನಗೆ ಕಂಡರು. ಬೇರೆ ಹಲವು ತೊರಕೆಗಳಿಗೆ ಬಾಲದಲ್ಲಿ ವಿಷದ ಮುಳ್ಳಿರುತ್ತದೆ. ಮಂಟಾಗಳಿಗೆ ಕುಟ್ಟುವ ಮುಳ್ಳಿಲ್ಲ. ಐದು ಮೀಟರ್ ಅಗಲ ಬೆಳೆಯುವ, ಮೀನುಗಳಲ್ಲೇ ಅತಿ ದೊಡ್ಡ ಮಿದುಳಿರುವ ಈ ಪ್ರಾಣಿಯ ಬಳಿ ಯಾರನ್ನೂ ನೋಯಿಸುವ ಆಯುಧವೇ ಇಲ್ಲ.

ಮುಂದಿನ ವರ್ಷ ಉತ್ತರ ಮಾಲೆ ಅಟಾಲಿನ ಲಂಕನ್ ಎಂಬಲ್ಲಿ ಇಳಿದೆ. ಅದು ಮಂಟಾಗಳು ಮೈ ತೊಳೆಸಿಕೊಳ್ಳುವ ಜಾಗ. ಹದಿನೈದು ಮೀಟರ್ ಆಳದಲ್ಲಿ ಹವಳದ ಗುಡ್ಡ, ಅದರಲ್ಲಿ ಬೆರಳುದ್ದದ ಸಣ್ಣ ಮೀನುಗಳು. ನಾವು ಐವರು ಮರಳಿನ ಮೇಲೆ ಮೊಣಕಾಲೂರಿ ಉಸಿರನ್ನು ಸಣ್ಣದು ಮಾಡಿಕೊಂಡು ಕಾದೆವು. ಇಪ್ಪತ್ತು ನಿಮಿಷ ಏನೂ ಇಲ್ಲ. ಗೇಜಿನ ಮುಳ್ಳು ಇಳಿಯುತ್ತಲೇ ಇತ್ತು. ಆಮೇಲೆ ಒಂದು ಹೆಣ್ಣು ಮಂಟಾ ಬಂದು ಗುಡ್ಡದ ಮೇಲೆ ತೇಲಿ ನಿಂತಿತು. ಸಣ್ಣ ಮೀನುಗಳು ಎದ್ದು ಅದರ ಹೊಟ್ಟೆ, ಕಿವಿರು, ಬಾಯಿಯೊಳಗೂ ಹೊಕ್ಕು ಹುಳುಹುಪ್ಪಟೆ ಹೆಕ್ಕಿದವು. ಕೂದಲು ಬಾಚಿಸಿಕೊಳ್ಳುವ ಮಗುವಿನ ಹಾಗೆ ಅದು ಮಿಸುಕಾಡಲಿಲ್ಲ. ಬಿಳಿ ಹೊಟ್ಟೆಯ ಮೇಲೆ ಕಪ್ಪು ಮಚ್ಚೆಗಳು. ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗೆರೆಗಳ ಹಾಗೆ. ಅವುಗಳಿಂದಲೇ ಸಂಶೋಧಕರು ಒಂದೊಂದು ಮಂಟಾವನ್ನೂ ಗುರುತಿಡುತ್ತಾರೆ.

ಹೋಗುವ ಮುಂಚೆ ಅದು ತಿರುಗಿ ನನ್ನ ತಲೆಯ ಮೇಲೆ ಹಾದುಹೋಯಿತು. ಹಾಯುವಾಗ ಬದಿಯ ಕಣ್ಣು ನನ್ನ ಮೇಲೆ ನಿಂತಿತು. ಕೊಂಬಿನ ಬುಡದಲ್ಲಿರುವ ಕಪ್ಪನೆಯ ದೊಡ್ಡ ಕಣ್ಣು, ನನ್ನ ಜೊತೆಗೇ ಹೊರಳುತ್ತ ಬಂದ ಕಣ್ಣು. ಕೊಟ್ಟಿಗೆಯಲ್ಲಿ ಹಸು ತಿರುಗಿ ನೋಡಿದಾಗ ಹೇಗೆ ನೋಡುತ್ತದೆಂದು ಹಳ್ಳಿಯವರಿಗೆ ಗೊತ್ತು. ಅದೇ ನೋಟ. ಬೆನ್ನಟ್ಟಿ ಹೋದವರಿಗೆ ಅದು ಸಿಗುವುದಿಲ್ಲ. ಸುಮ್ಮನೆ ಕೂತವರ ಬಳಿಗೆ ತಾನೇ ಬರುತ್ತದೆ. ಕೂಣಿ ಹಿಡಿದು ನುಗ್ಗುವ ಊರಿನಿಂದ ಹೋದ ನನಗೆ ಈ ಪಾಠ ಹೊಸದು.

*

2017ರ ಕೊನೆಯಲ್ಲಿ ಊರಿಗೆ ಮರಳಿದೆ. 2019ರ ಜನವರಿಯಲ್ಲಿ ಮತ್ತೆ ನೇತ್ರಾಣಿಗೆ ಹೋದೆ. ಎರಡನೆಯ ಡೈವಿನ ಕೊನೆಗೆ, ಬಂಡೆಯ ಆಚೆ ಬದಿಯಲ್ಲಿ, ದೋಣಿಯ ಹಿರಿಯರು ಹೇಳಿದ್ದ ತಾಟೆ ಬಂತು. ಬೆನ್ನ ರೆಕ್ಕೆಯ ತುದಿಗೆ ಮಸಿಯಲ್ಲಿ ಅದ್ದಿ ತೆಗೆದಂಥ ಕಪ್ಪು. ಐದಡಿಯೂ ಇರಲಿಲ್ಲ. ನನ್ನನ್ನು ಕಂಡು ಒಂದು ಸುತ್ತು ಬಂದು, ಅವರು ಹೇಳಿದಂತೆಯೇ, ಹೊರಟುಹೋಯಿತು. ಮಾಲ್ಡೀವ್ಸಿನಲ್ಲಿ ಎಷ್ಟೋ ಶಾರ್ಕ್ ಕಂಡಿದ್ದೆ. ಆದರೆ ಇದು ನಮ್ಮ ನೀರಿನ ತಾಟೆ. ಜೋಗದಲ್ಲಿ ಧುಮುಕಿದ ಶರಾವತಿ ಹೊನ್ನಾವರದಲ್ಲಿ ಸೇರುವ ಕಡಲಿನದು. ಮುಖವಾಡದೊಳಗೆ ನೀರು ತುಂಬಿತ್ತು. ಅಂದು ಅದು ಕಡಲಿನದಾಗಿರಲಿಲ್ಲ.

2022ರಲ್ಲಿ ಬಂದ ಗಂಧದ ಗುಡಿ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ ಶಾಲೆಯ ಮಕ್ಕಳು ನನ್ನ ಸುತ್ತ ಮುತ್ತಿಕೊಂಡರು. "ಮಿಸ್, ನೀವೂ ಅಲ್ಲಿ ಇಳಿದಿದ್ರಾ? ಶಾರ್ಕ್ ಇತ್ತಾ?" ಅವರಿಗೆ ನಾನು ಎಲ್ಲ ಹೇಳಿದೆ. ಒಂದನ್ನು ಬಿಟ್ಟು. ಅದನ್ನು ಇಲ್ಲಿ ಹೇಳುತ್ತೇನೆ.

ತಾಟೆ ಕಂಡ ಮರುದಿನ ಬೆಳಿಗ್ಗೆ ಕರಾವಳಿಯ ಒಂದು ಮೀನು ಮಾರುಕಟ್ಟೆಗೆ ಹೋಗಿದ್ದೆ. ನಾನು ಮೀನು ತಿನ್ನುವ ಮನೆಯವಳು, ಬಂಗುಡೆಯ ಸಾರಿಗೆ ಬೆಲೆ ಕಟ್ಟಲಾರೆ. ಬುಟ್ಟಿಗಳ ಸಾಲಿನಲ್ಲಿ ಒಂದು ಬುಟ್ಟಿಯ ಮುಂದೆ ಕಾಲು ನಿಂತಿತು. ಮೊಳದುದ್ದದ ಹತ್ತಿಪ್ಪತ್ತು ಮೀನುಗಳು, ಪ್ರತಿಯೊಂದರ ತಲೆಯೂ ಸುತ್ತಿಗೆಯ ಹಾಗೆ. ಸುತ್ತಿಗೆ ತಲೆಯ ಶಾರ್ಕಿನ ಮರಿಗಳು. ಒಂದನ್ನು ಎತ್ತಿ ತಿರುಗಿಸಿದೆ. ಎದೆಯ ಎರಡು ರೆಕ್ಕೆಗಳ ನಡುವೆ, ಹೊಟ್ಟೆಯ ಮೇಲೆ, ಅಕ್ಕಿಕಾಳಿನಷ್ಟು ಸೀಳು. ಇನ್ನೂ ಮುಚ್ಚಿರಲಿಲ್ಲ. ಅದು ಹೊಕ್ಕುಳು.

ಹೌದು, ಈ ಮೀನಿಗೆ ಹೊಕ್ಕುಳಿದೆ. ಸುತ್ತಿಗೆ ತಲೆಯ ಶಾರ್ಕ್, ಕಪ್ಪು ತುದಿಯ ತಾಟೆ ಮುಂತಾದ ಜಾತಿಗಳ ತಾಯಿ ಮೊಟ್ಟೆ ಇಡುವುದಿಲ್ಲ. ಹಸುವಿನಂತೆ, ನಮ್ಮಂತೆ, ಹೊಕ್ಕುಳಬಳ್ಳಿಯಿಂದ ಮರಿಗೆ ಉಣಿಸಿ ಹೆರುತ್ತದೆ. ಗಾಯ ಮಾಯದ ಹೊಕ್ಕುಳೆಂದರೆ ಹುಟ್ಟಿ ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ. ಬುಟ್ಟಿಯಲ್ಲಿ ಇದ್ದದ್ದು ತೊಟ್ಟಿಲ ಕೂಸುಗಳು. ಮಾರುವ ಹೆಂಗಸಿನದು ತಪ್ಪಲ್ಲ. ಬಲೆ ಎಳೆದವರೂ ಅವನ್ನು ಹುಡುಕಿಕೊಂಡು ಹೋದವರಲ್ಲ. ಬೇರೆ ಮೀನಿಗೆ ಹಾಕಿದ ಬಲೆಗೆ ಅವು ಬಿದ್ದಿದ್ದವು. ಆದರೂ ಆ ಮರಿಯನ್ನು ಬುಟ್ಟಿಗೆ ಮರಳಿ ಇಡುವಾಗ ನನ್ನ ಕೈ ನಡುಗಿತು.

ಅಂದು ಅಪ್ಪನ ಲೆಕ್ಕ ನೆನಪಾಯಿತು. ಕೊರವ ಒಂದು ಸಲಕ್ಕೆ ಸಾವಿರಗಟ್ಟಲೆ ಮರಿ ಮಾಡುತ್ತದೆ. ಬೇಸಿಗೆಯಲ್ಲಿ ಕೆರೆಬೇಟೆಯಾಡಿದರೂ ಒಂದೆರಡು ಮಳೆ ಕಳೆದರೆ ಕೆರೆ ಮತ್ತೆ ತುಂಬುತ್ತದೆ. ಹಾಗಿದ್ದೂ ಅಪ್ಪ ಮರಿ ಕಾಯುವ ಕೊರವನನ್ನು ಬಿಡುತ್ತಿದ್ದ. ಕಡಲಿನ ಈ ಪ್ರಾಣಿಗಳ ಲೆಕ್ಕ ಬೇರೆ. ಕಪ್ಪು ತುದಿಯ ತಾಟೆ ಒಂದು ಸೂಲಿಗೆ ಹೆರುವುದು ಎರಡರಿಂದ ಐದು ಮರಿ. ಮಂಟಾ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸಿರು ಹೊತ್ತು ಹೆರುವುದು ಒಂದೇ ಮರಿ. ಮತ್ತೆ ಬಸಿರಾಗಲು ಎರಡು ವರ್ಷ, ಐದು ವರ್ಷವೂ ಹಿಡಿಯಬಹುದು. ಕೆರೆಯ ಲೆಕ್ಕವನ್ನು ಕಡಲಿಗೆ ಹಚ್ಚಿದರೆ ಕಡಲು ಬರಿದಾಗುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕ್‌ಗಳು ಮನುಷ್ಯರ ಕೈಯಲ್ಲಿ ಸಾಯುತ್ತವೆ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಶಾರ್ಕ್‌ಗಳಿಂದ ಸಾಯುವ ಮನುಷ್ಯರು ವರ್ಷಕ್ಕೆ ಬೆರಳೆಣಿಕೆಯಷ್ಟು. ಭಯಪಡಬೇಕಾದವರು ಯಾರು ಎಂಬುದು ಆ ಎರಡು ಸಂಖ್ಯೆಗಳಲ್ಲೇ ಇದೆ.

ದಾರಿ ಇಲ್ಲದೆ ಇಲ್ಲ. ತಿಮಿಂಗಿಲ ಶಾರ್ಕನ್ನು 2001ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ ಸೇರಿಸಿದರು. 2013ರಲ್ಲಿ ಮಂಟಾ ಮತ್ತು ಸುತ್ತಿಗೆ ತಲೆಯ ಶಾರ್ಕ್‌ಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣ ಬಿತ್ತು. 2015ರಲ್ಲಿ ಭಾರತ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಲ್ಲಿಸಿತು. ಆದರೆ ಕಾಯ್ದೆಗಿಂತ ನನ್ನ ಮನಸ್ಸನ್ನು ಹಿಡಿದದ್ದು ಗುಜರಾತಿನ ಮೀನುಗಾರರು. ತಿಮಿಂಗಿಲ ಶಾರ್ಕನ್ನು ಕೊಲ್ಲುತ್ತಿದ್ದ ಊರುಗಳಲ್ಲಿ 2004ರಲ್ಲಿ ಅದನ್ನು ಉಳಿಸುವ ಅಭಿಯಾನ ಶುರುವಾಯಿತು. ಹೆರಿಗೆಗೆ ತವರಿಗೆ ಬರುವ ಮಗಳಿಗೆ ಅದನ್ನು ಹೋಲಿಸಿ ಕಥಾಕಾರ ಮೊರಾರಿ ಬಾಪು ಜನರಿಗೆ ತಿಳಿಹೇಳಿದರು. ವ್ಹಾಲಿ, ಎಂದರೆ ಪ್ರೀತಿಯವಳು, ಎಂದು ಹೆಸರಿಟ್ಟರು. ಅಂದಿನಿಂದ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟಿದ್ದಾರೆ. ಹರಿದ ಬಲೆಗೆ ಅಲ್ಲಿನ ಸರ್ಕಾರ ಪರಿಹಾರ ಕೊಡುತ್ತದೆ. ತವರು, ಬಾಣಂತನ ಎಂಬ ಮಾತುಗಳು ನಮಗೇನು ಹೊಸವೇ?

ಘಟ್ಟದ ಮೇಲಿನ ನಾವು ಕಡಲಿಗೂ ನಮಗೂ ಸಂಬಂಧವಿಲ್ಲ ಎಂದುಕೊಂಡಿರುತ್ತೇವೆ. ಆದರೆ ನಮ್ಮ ಪುಷ್ಯ ಮಳೆ ಅಲ್ಲಿಂದ ಬರುತ್ತದೆ. ಐಸು ಪೆಟ್ಟಿಗೆಯಲ್ಲಿ ಕಡಲ ಮೀನು ಶಿರಾಳಕೊಪ್ಪದ ಸಂತೆಗೂ ಬರುತ್ತದೆ. ಬೆಳೆದರೂ ಸಣ್ಣದಾಗಿಯೇ ಉಳಿಯುವ ತಾಟೆಗಳಿವೆ, ಸಣ್ಣದೆಲ್ಲ ಮರಿಯಲ್ಲ ಎಂಬುದು ನಿಜ. ಸುತ್ತಿಗೆ ತಲೆಯದು ಮಾತ್ರ ಯಾರ ಕಣ್ಣಿಗೂ ತಪ್ಪುವುದಿಲ್ಲ. ಮೊಳದುದ್ದದ್ದು ಕಂಡರೆ ಕೊಳ್ಳಬೇಡಿ. ಬೇರೆ ತಾಟೆಯಾದರೆ ತಿರುಗಿಸಿ ಹೊಟ್ಟೆ ನೋಡಿ. ಹೊಕ್ಕುಳ ಗಾಯ ಇನ್ನೂ ಹಸಿಯಾಗಿದ್ದರೆ ಕೆಳಗಿಡಿ. ಬಂಗುಡೆ, ಭೂತಾಯಿ ಪಕ್ಕದ ಬುಟ್ಟಿಯಲ್ಲೇ ಇರುತ್ತವೆ.